ತಲಪಾಡಿ ಗಡಿ ದಾಟುವ ಮೊದಲು ಕಾರ್ಡಿನ ವಿಚಾರ ಕೇಳಿಕೊಳ್ಳಿ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಕಾಯಿಲೆ ಸ್ವಲ್ಪ ಜೋರಾದರೆ ಮನೆಯಲ್ಲಿ ಬರುವ ಮಾತು ಒಂದೇ: ‘ಮಂಗ್ಳೂರಿಗೆ ಹೋಗುವ’. ಕಾಸರಗೋಡಿನ ಜನರಲ್ ಆಸ್ಪತ್ರೆ ನೆನಪಾಗುವುದು ಆಮೇಲೆ. ಹೋಗುವುದು ತಪ್ಪಲ್ಲ. ಆದರೆ ಕೈಯಲ್ಲಿರುವುದು ಕೇರಳದ ಆರೋಗ್ಯ ಯೋಜನೆಯ ಕಾರ್ಡ್, ಆಸ್ಪತ್ರೆ ಇರುವುದು ಕರ್ನಾಟಕದಲ್ಲಿ. ತೊಡಕು ಶುರುವಾಗುವುದೇ ಅಲ್ಲಿ.

ಮೊದಲು ನಿಮ್ಮದು ಯಾವ ಯೋಜನೆ ಅಂತ ನೋಡಿಕೊಳ್ಳಿ. ಹೆಚ್ಚಿನ ಬಡ ಕುಟುಂಬಗಳಿಗೆ ಇರುವುದು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ. ಕೇಂದ್ರದ ಆಯುಷ್ಮಾನ್ ಭಾರತ್ ಇದರಲ್ಲೇ ಸೇರಿದೆ. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ತಲೆಗಲ್ಲ, ಇಡೀ ಮನೆಗೆ. ಹಳೆಯ ಕಾಯಿಲೆ ಎಂದು ಕೈಬಿಡುವಂತಿಲ್ಲ. ಆದರೆ ಅಡ್ಮಿಟ್ ಆದರೆ ಮಾತ್ರ. ಸುಮ್ನೆ ಡಾಕ್ಟರಿಗೆ ತೋರಿಸಿ ಬಂದ ಖರ್ಚು ನಿಮ್ಮದೇ. ಸರ್ಕಾರಿ ನೌಕರರಿಗೆ, ಪಿಂಚಣಿದಾರರಿಗೆ ಮೆಡಿಸೆಪ್ ಎಂಬ ಆರೋಗ್ಯ ವಿಮೆ ಬೇರೆಯೇ ಇದೆ.

ಆಮೇಲೆ ಆಸ್ಪತ್ರೆ. ಬಾಗಿಲಲ್ಲಿ ಆಯುಷ್ಮಾನ್ ಬೋರ್ಡ್ ಕಂಡರೆ ಸಾಲದು. ಒಂದೇ ಆಸ್ಪತ್ರೆ ಮೂಳೆ ವಿಭಾಗಕ್ಕೆ ಯೋಜನೆಯ ಪಟ್ಟಿಯಲ್ಲಿದ್ದು, ಹೃದಯಕ್ಕೆ ಇಲ್ಲದೇ ಇರಬಹುದು. ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ. ಕೇರಳದ ದಿಶಾ ಸಹಾಯವಾಣಿ 1056 ಕೂಡ ಇದೆ. ಈ ಆಸ್ಪತ್ರೆ, ಈ ವಿಭಾಗ, ನನ್ನ ಕಾರ್ಡ್ ಗಡಿಯಾಚೆ ನಡೆಯುತ್ತದಾ ಎಂದು ಬಿಡಿಸಿ ಕೇಳಿ. ತುರ್ತು ಅಲ್ಲದ ಚಿಕಿತ್ಸೆಗೆ ಕರ್ನಾಟಕದಲ್ಲಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುವ ಪದ್ಧತಿ ಇದೆ. ನಿಮಗೂ ಬೇಕಾ ಅಂತ ಆಗಲೇ ಕೇಳಿಬಿಡಿ. ಪ್ರಾಣಾಪಾಯ ಇದ್ದರೆ ಇದೆಲ್ಲ ಬಿಟ್ಟು ಮೊದಲು ಹತ್ತಿರದ ಆಸ್ಪತ್ರೆಗೆ ಓಡಿ.

ನಮ್ಮ ಕಡೆ ಜಾಸ್ತಿ ಕಾಡುವುದು ದಾಖಲೆಗಳಲ್ಲಿ ಹೆಸರು ಒಂದೇ ಥರ ಇಲ್ಲದಿರುವುದು. ರೇಷನ್ ಕಾರ್ಡಲ್ಲಿ ಮಲಯಾಳದಲ್ಲಿ ಒಂದು ಥರ, ಆಧಾರಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ಥರ. ಒಂದರಲ್ಲಿ ಮನೆ ಹೆಸರು, ಇನ್ನೊಂದರಲ್ಲಿ ಅಪ್ಪನ ಹೆಸರು. ಆರೋಗ್ಯವಾಗಿದ್ದಾಗಲೇ ಸರ್ಕಾರಿ ದಾಖಲೆಗಳ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಸರಿಮಾಡಿಸಿ. ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಮಾಡುವ ಕೆಲಸ ಅಲ್ಲ ಅದು.

ಅಡ್ಮಿಟ್ ಆಗುವಾಗಲೇ ಕಾರ್ಡ್ ಕೊಡಿ. ಇದು ಕ್ಯಾಶ್‌ಲೆಸ್ ಯೋಜನೆ, ಅಂದರೆ ಹಣ ನೇರ ಆಸ್ಪತ್ರೆಗೆ ಹೋಗುತ್ತದೆ; ಅದಕ್ಕೆ ಯೋಜನೆಯವರ ಒಪ್ಪಿಗೆ ಮೊದಲೇ ಬರಬೇಕು. ಡಿಸ್ಚಾರ್ಜ್ ದಿನ ಬಿಲ್ ಕಟ್ಟಿ ಆಮೇಲೆ ಕಾರ್ಡ್ ತೋರಿಸಿದರೆ ಹಣ ವಾಪಸ್ ಬರುತ್ತದೆ ಎಂದು ನಂಬಿ ಕೂರಬೇಡಿ. ಮನೆಗೆ ಹೋದ ಮೇಲೆ 15 ದಿನದ ಔಷಧಿಯೂ ಯೋಜನೆಯಲ್ಲೇ ಇದೆ. ಅದನ್ನು ಕೇಳಿ ಪಡೆಯುವವರು ಕಡಿಮೆ.

ಡಾಕ್ಟರ ಹತ್ತಿರ ಕೇಳಲು ಸಂಕೋಚ ಬೇಡ. ಆಪರೇಷನ್ ಈಗಲೇ ಬೇಕಾ, ಮಾತ್ರೆಯಲ್ಲಿ ನೋಡಬಹುದಾ, ತಿಂಗಳು ಕಾದರೆ ಏನಾಗುತ್ತದೆ, ಸ್ಟೆಂಟ್‌ನಂಥ ಸಾಮಾನು ಯೋಜನೆ ಕೊಡುವ ಪ್ಯಾಕೇಜಿನೊಳಗೇ ಬರುತ್ತದಾ? ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲೋ ತುಳುವಿನಲ್ಲೋ ವಿವರಿಸಿ ಎನ್ನಿ. ಅರ್ಥವಾಗದೆ ಸಹಿ ಹಾಕಬೇಡಿ. ಬೇರೆ ಡಾಕ್ಟರ ಅಭಿಪ್ರಾಯ ಕೇಳುವುದೂ ರೋಗಿಯ ಹಕ್ಕು, ಅಲ್ವಾ?

ಹೊರಡುವಾಗ ಡಿಸ್ಚಾರ್ಜ್ ಸಮರಿ, ರಿಪೋರ್ಟುಗಳ ಪ್ರತಿ ತೆಗೆದುಕೊಳ್ಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎನ್ನುತ್ತದೆ ವೈದ್ಯಕೀಯ ಮಂಡಳಿಯ 2002ರ ನಿಯಮ. ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಮುಂದಿನ ಔಷಧಿ ಬರೆಯುವ ಡಾಕ್ಟರಿಗೆ ಈ ಕಾಗದಗಳೇ ಬೇಕು.