ತೊಗರಿಗೆ ನೆಟೆ ರೋಗ: ಬಿತ್ತುವ ಮುಂಚೆ ಏನೇನು ನೋಡಬೇಕು?

ಕಲಬುರಗಿ ಕಡೆ ತೊಗರಿ ಹೂ, ಕಾಯಿ ಹಿಡಿಯುವ ಹೊತ್ತಿಗೆ ಅಲ್ಲಲ್ಲಿ ಗಿಡ ಬಾಡತೊಡಗುತ್ತದೆ. ಆಗ ಅಂಗಡಿಗೆ ಓಡಿ ಔಷಧಿ ತಂದು ಎಲೆ ಮೇಲೆ ಹೊಡೆದರೆ ಸುಮ್ನೆ ದುಡ್ಡು ದಂಡ. ಶಿಲೀಂಧ್ರ ಆಗಲೇ ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಬಿಟ್ಟಿರುತ್ತದೆ. ಮುಖ್ಯ ಕೆಲಸವೆಲ್ಲ ಬಿತ್ತನೆಗೆ ಮುಂಚಿನದು.

ಮೊದಲು ರೋಗ ಯಾವುದೆಂದು ತಿಳಿಯಬೇಕು. ಇದನ್ನು ಬೆಳೆ ಇದ್ದಾಗಲೇ ನೋಡಿಟ್ಟುಕೊಳ್ಳಿ. ಬಾಡಿದ ಗಿಡ ಕಿತ್ತು ಕಾಂಡ ಸೀಳಿ. ಒಳಗೆ ಕಂದು-ಕಪ್ಪು ಗೆರೆ, ಹೊರಗೆ ಬುಡದಿಂದ ಮೇಲಕ್ಕೆ ನೇರಳೆ ಪಟ್ಟೆ ಕಂಡರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ನೆಟೆ. ಬೇರು ಒಣಗಿ, ತೊಗಟೆ ಸುಲಿದು, ಲಟಕ್ಕನೆ ಮುರಿದರೆ, ತೊಗಟೆಯಡಿ ಸಣ್ಣ ಕರಿ ಚುಕ್ಕೆಗಳಿದ್ದರೆ ಅದು ಒಣ ಬೇರು ಕೊಳೆ. ಜನ ಎರಡಕ್ಕೂ ನೆಟೆ ಎಂದೇ ಅನ್ನುತ್ತಾರೆ, ಆದರೆ ಸ್ವಭಾವ ಬೇರೆ ಬೇರೆ. ಮೊದಲನೆಯದಕ್ಕೆ ತಂಪು ಮಣ್ಣು ಹಿಡಿಸುತ್ತದೆ. ಎರಡನೆಯದು ಬಿಸಿಲೇರಿ, ಉಷ್ಣಾಂಶ 30 ಡಿಗ್ರಿ ದಾಟಿ, ತೇವ ಆರಿದಾಗ ಜೋರಾಗುತ್ತದೆ.

ಆಮೇಲೆ ಹೊಲದ ಚರಿತ್ರೆ. ಫ್ಯುಸೇರಿಯಂ ಹಳೇ ಕೂಳೆ, ಬೇರುಗಳಲ್ಲಿ ಸುಮಾರು 3 ವರ್ಷ ಬದುಕಿರುತ್ತದೆ. ವರ್ಷವರ್ಷವೂ ಅಲ್ಲೇ ತೊಗರಿ ಹಾಕಿದರೆ ರೋಗ ಜಾಸ್ತಿ ಆಗದೆ ಇನ್ನೇನು? ಮಧ್ಯೆ ಒಂದು ವರ್ಷ ಜೋಳ ಬೆಳೆಯಿರಿ, ಇಲ್ಲವೇ ತೊಗರಿ ಜೊತೆಗೇ ಜೋಳ ಹಾಕಿ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಪ್ರಯೋಗಗಳಲ್ಲಿ ಎರಡೂ ದಾರಿಯಲ್ಲಿ ನೆಟೆ ಕಡಿಮೆಯಾಗಿದೆ. ಎರೆ ಭೂಮಿಯ ತಗ್ಗಿನಲ್ಲಿ ನೀರು ನಿಂತರೆ ಬೇರು ಸೊರಗುತ್ತದೆ. ಅಲ್ಲಿ ಬೋದಿನ ಮೇಲೆ ಬಿತ್ತಿ, ನೀರು ಹೋಗಲು ಕಾಲುವೆ ಬಿಡಿ. ಆಳ ಕಡಿಮೆ ಇರುವ ಮಡ್ಡಿ ಹೊಲದಲ್ಲಿ ತೊಂದರೆ ಉಲ್ಟಾ: ಕಾಯಿ ಕಟ್ಟುವಾಗ ತೇವವೇ ಇರುವುದಿಲ್ಲ. ಅಲ್ಲಿ ಬೇಗ ಬರುವ ತಳಿಯೇ ವಾಸಿ.

ತಳಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮಾರುತಿ (ಐಸಿಪಿ 8863), ಆಶಾ (ಐಸಿಪಿಎಲ್ 87119), ಟಿಎಸ್-3ಆರ್ ಫ್ಯುಸೇರಿಯಂ ನೆಟೆಯನ್ನು ತಡೆಯುವ ತಳಿಗಳು. ಹಾಗಂತ ರೋಗ ಬರುವುದೇ ಇಲ್ಲ ಎಂದಲ್ಲ. ಶಿಲೀಂಧ್ರದಲ್ಲೂ ಬೇರೆ ಬೇರೆ ಬಗೆಗಳಿವೆ, ಒಂದೂರಲ್ಲಿ ತಡೆದ ತಳಿ ಇನ್ನೊಂದೂರಲ್ಲಿ ಸೋಲಬಹುದು. ಒಣ ಬೇರು ಕೊಳೆಗಂತೂ ಇವನ್ನೇ ನಂಬಿ ಕೂರಬೇಡಿ. ನಿಮ್ಮ ಭಾಗಕ್ಕೆ ಯಾವುದು ಸರಿ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಬಿತ್ತುವಾಗ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಲೇಪಿಸಿ, ನೆರಳಲ್ಲಿ ಆರಿಸಿ. ನೆಟೆ ಜಾಸ್ತಿ ಇರುವ ಹೊಲವಾದರೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲೂ ಅದನ್ನು ಬೆರೆಸಿ, ನೆರಳಲ್ಲಿ ವಾರ ಕಾಲ ತೇವ ಮಾಡಿಟ್ಟು ಮಣ್ಣಿಗೆ ಹಾಕಿ. ಕೊಯ್ಲಾದ ಮೇಲೆ ರೋಗದ ಗಿಡಗಳನ್ನು ಬೇರು ಸಮೇತ ಕಿತ್ತು ಹೊಲದಿಂದ ಹೊರಗೆ ಸುಟ್ಟುಬಿಡಿ.