ಸಸ್ತನಿಗಳ ಲೈಸೋಜೈಮ್ ಹೋಲಿಕೆ: ಸರಣಿಯ ಆಯ್ಕೆಯಲ್ಲೇ ಎಚ್ಚರ ಬೇಕು

ಒಂದೇ ಕಿಣ್ವದ ಪ್ರೋಟೀನ್ ಸರಣಿಯನ್ನು (ಅಮೈನೋ ಆಮ್ಲಗಳು ಸಾಲುಗಟ್ಟಿರುವ ಕ್ರಮವನ್ನು) ಹಲವು ಸಸ್ತನಿಗಳಲ್ಲಿ ಹೋಲಿಸಲು ಹೊರಟ ವಿದ್ಯಾರ್ಥಿಗಳು ಎಡವುವುದು ತಂತ್ರಾಂಶ ಬಳಸುವಾಗಲ್ಲ, ಅದಕ್ಕೆ ಊಡಿಸುವ ಸರಣಿಗಳನ್ನು ಆರಿಸುವಾಗ. ಕಲಿಕೆಗೆ ಲೈಸೋಜೈಮ್ ಅನ್ನೇ ತೆಗೆದುಕೊಳ್ಳಿ. ಬ್ಯಾಕ್ಟೀರಿಯಾಗಳ ಕೋಶಭಿತ್ತಿಯನ್ನು ಒಡೆಯುವ ಈ ಕಿಣ್ವ ಮನುಷ್ಯನಲ್ಲಿ ಕೇವಲ 130 ಅಮೈನೋ ಆಮ್ಲಗಳಷ್ಟು ಉದ್ದವಿರುವುದರಿಂದ ಇಡೀ ಜೋಡಣೆಯನ್ನು, ಎಂದರೆ ಸ್ಥಾನಕ್ಕೆ ಸ್ಥಾನ ಹೊಂದುವಂತೆ ಒಂದರ ಕೆಳಗೊಂದು ಇಟ್ಟ ಸರಣಿಗಳನ್ನು, ಕಣ್ಣಾರೆ ಪರಿಶೀಲಿಸಬಹುದು.

ಪ್ರೋಟೀನ್‌ಗಳ ಯೂನಿಪ್ರಾಟ್ ದತ್ತಕೋಶದಿಂದ ಮನುಷ್ಯನ ಸರಣಿಯನ್ನು (ನಮೂದು ಸಂಖ್ಯೆ ಪಿ61626) ಫಾಸ್ಟಾ ರೂಪದಲ್ಲಿ, ಎಂದರೆ ಪ್ರತಿ ಅಮೈನೋ ಆಮ್ಲಕ್ಕೆ ಒಂದು ಅಕ್ಷರವಿರುವ ಸರಳ ಪಠ್ಯವಾಗಿ, ಇಳಿಸಿಕೊಳ್ಳಿ.

ಇತರ ಪ್ರಾಣಿಗಳ ಸರಣಿಗಳಿಗಾಗಿ, ಹೋಲುವ ಸರಣಿಗಳನ್ನು ಹುಡುಕಿಕೊಡುವ ಬ್ಲಾಸ್ಟ್ ಸಾಧನ ಕೊಟ್ಟ ಪಟ್ಟಿಯ ಮೇಲಿನ ಹತ್ತು ಸರಣಿಗಳನ್ನು ಹಾಗೆಯೇ ಎತ್ತಿಕೊಳ್ಳುವ ಅಡ್ಡದಾರಿಯನ್ನು ಹಿಡಿಯಲೇಬಾರದು. ಇಲಿಯಲ್ಲಿ ಲೈಸೋಜೈಮ್‌ಗೆ ಎರಡು ವಂಶವಾಹಿಗಳಿದ್ದು, ಒಂದು ಮುಖ್ಯವಾಗಿ ಸಣ್ಣ ಕರುಳಿನಲ್ಲಿ, ಇನ್ನೊಂದು ಮ್ಯಾಕ್ರೋಫೇಜ್‌ಗಳೆಂಬ ರೋಗನಿರೋಧಕ ಕೋಶಗಳಲ್ಲಿ ಕೆಲಸ ಮಾಡುತ್ತದೆ. ಹಸುವಿನಲ್ಲಂತೂ ಇಂಥ ವಂಶವಾಹಿಗಳು ಹಲವು. ವಂಶವಾಹಿಯ ಯಾವ ಪ್ರತಿಯನ್ನು ಏಕೆ ಆರಿಸಿದಿರೆಂದು ಬರೆದಿಡದಿದ್ದರೆ, ಪ್ರಾಣಿಗಳ ನಡುವಿನ ವ್ಯತ್ಯಾಸವೆಂದು ನೀವು ತೋರಿಸುವುದು ಪ್ರತಿಗಳ ನಡುವಿನ ವ್ಯತ್ಯಾಸವಾಗಿರಬಹುದು. ಹಾಲಿನ ಆಲ್ಫಾ-ಲ್ಯಾಕ್ಟಾಲ್ಬುಮಿನ್ ಎಂಬ ಪ್ರೋಟೀನ್ ಕೂಡ ಇದೇ ಮೂಲದ್ದಾದ್ದರಿಂದ ಪಟ್ಟಿಯೊಳಗೆ ನುಸುಳಬಹುದು. ಅದು ಕೋಶಭಿತ್ತಿಯನ್ನು ಒಡೆಯುವುದಿಲ್ಲ, ಕೈಬಿಡಿ. ತುಣುಕು ಸರಣಿಗಳೂ ಬೇಡ. ಯೂನಿಪ್ರಾಟ್‌ನಲ್ಲಿ ತಜ್ಞರು ಪರಿಶೀಲಿಸಿದ ಭಾಗವಾದ ಸ್ವಿಸ್-ಪ್ರಾಟ್‌ನ ನಮೂದು ಇರುವಾಗ ಗಣಕಯಂತ್ರ ಊಹಿಸಿದ ಸರಣಿಯನ್ನು ಮುಟ್ಟಬೇಡಿ.

ಇಳಿಸಿಕೊಂಡ ಮಾನವ ಸರಣಿಯಲ್ಲಿ 148 ಅಕ್ಷರಗಳಿರುತ್ತವೆ. ಮೊದಲ 18, ಕೋಶದಿಂದ ಹೊರಹೋಗುವಾಗ ಕತ್ತರಿಸಿಹೋಗುವ ಸಂಕೇತ ಪೆಪ್ಟೈಡ್. ಅದು ಕತ್ತರಿಸಿಹೋದ ಮೇಲೆ ಉಳಿಯುವ ಪಕ್ವ ಕಿಣ್ವದ 35ನೇ ಗ್ಲುಟಾಮಿಕ್ ಆಮ್ಲವೂ 53ನೇ ಆಸ್ಪಾರ್ಟಿಕ್ ಆಮ್ಲವೂ ಅದರ ಕ್ರಿಯಾಕೇಂದ್ರದಲ್ಲಿ, ಎಂದರೆ ಕಿಣ್ವ ಕೆಲಸ ಮಾಡುವ ಜಾಗದಲ್ಲಿವೆ. ಸಂಕೇತ ಭಾಗವನ್ನು ತೆಗೆಯದೆ ಎಣಿಸಿದರೆ 35 ಎಂಬುದೇ 53 ಆಗುತ್ತದೆ. ಆಸ್ಪಾರ್ಟಿಕ್ ಇರಬೇಕಾದಲ್ಲಿ ಗ್ಲುಟಾಮಿಕ್ ಸಿಕ್ಕಿತೆಂದು, ಇಲ್ಲದ ರೂಪಾಂತರವನ್ನು ವರದಿ ಮಾಡುವ ಅನಾಹುತ ಇಲ್ಲಿಂದಲೇ ಹುಟ್ಟುತ್ತದೆ. ಪ್ರತಿ ಪ್ರಾಣಿಯ ಸರಣಿಯಲ್ಲೂ ಈ ಭಾಗವನ್ನು ತೆಗೆದು, ಮಾನವ ಸಂಖ್ಯೆಗಳನ್ನೇ ಎಲ್ಲಕ್ಕೂ ಅನ್ವಯಿಸಿ.

ಬಳಿಕ ಕ್ಲಸ್ಟಲ್ ಒಮೇಗಾ ಅಥವಾ ಮಾಫ್ಟ್ ಎಂಬ ಜೋಡಣೆ ತಂತ್ರಾಂಶದಲ್ಲಿ ಸರಣಿಗಳನ್ನು ಜೋಡಿಸಿ. ಜೋಡಣೆಯನ್ನು ತೋರಿಸದೆ ಶೇಕಡಾವಾರು ಸಾಮ್ಯವನ್ನು ಮಾತ್ರ ಕೊಡುವ ಸಾಧನಗಳನ್ನು ದೂರವಿಡಿ, ಏಕೆಂದರೆ ಸರಣಿಗಳನ್ನು ಹೊಂದಿಸಲು ಬಿಟ್ಟ ಖಾಲಿ ಸ್ಥಾನಗಳನ್ನು ಲೆಕ್ಕಕ್ಕೆ ಸೇರಿಸಿದರೆ ಒಂದು ಅಂಕಿ, ಬಿಟ್ಟರೆ ಇನ್ನೊಂದು. ಎಂಟು ಸಿಸ್ಟೀನ್‌ಗಳು (ಗಂಧಕವಿರುವ ಅಮೈನೋ ಆಮ್ಲಗಳು) ನೇರ ಕಂಬಸಾಲಿನಲ್ಲಿ ನಿಂತಿವೆಯೇ ಎಂದು ನೋಡಿ. ಪ್ರೋಟೀನಿನ ಆಕಾರವನ್ನು ಹಿಡಿದಿಡುವ ನಾಲ್ಕು ಡೈಸಲ್ಫೈಡ್ ಬಂಧಗಳನ್ನು ಕಟ್ಟುವ ಅವು ಸರಿದಿದ್ದರೆ ಜೋಡಣೆಯನ್ನೇ ಶಂಕಿಸಬೇಕು.

ಈ ಒಂದೇ ಪ್ರೋಟೀನಿನಿಂದ ವಂಶವೃಕ್ಷ ಬರೆಯಬೇಡಿ. ಮುಂಜಠರದಲ್ಲಿ ಬ್ಯಾಕ್ಟೀರಿಯಾಗಳಿಂದ ಆಹಾರವನ್ನು ಹುದುಗಿಸುವ ಹಸು ಮತ್ತು ಹನುಮಾನ್ ಲಂಗೂರ್‌ಗಳ ಜಠರ ಲೈಸೋಜೈಮ್‌ಗಳು, ಆ ಬ್ಯಾಕ್ಟೀರಿಯಾಗಳನ್ನು ಜೀರ್ಣಿಸುವ ಕೆಲಸಕ್ಕೆ ಒಗ್ಗುತ್ತಾ, ಕೆಲವು ಸ್ಥಾನಗಳಲ್ಲಿ ಒಂದೇ ಬಗೆಯ ಬದಲಾವಣೆಗಳನ್ನು ಬೇರೆಬೇರೆಯಾಗಿ ಪಡೆದುಕೊಂಡಿವೆ. ಹಾಗಾಗಿ ದೂರದ ಈ ಪ್ರಾಣಿಗಳು ವೃಕ್ಷದಲ್ಲಿ ಹತ್ತಿರದ ಬಂಧುಗಳಂತೆ ಕಾಣಬಹುದು.