ಬಿಡುಗಡೆಗೆ ಮುಂಚಿನ ಆಪರೇಟಿಂಗ್ ಸಿಸ್ಟಮ್ ಟೆಸ್ಟ್ ಮಾಡೋದು ಹೇಗೆ? ಹಾಕ್ಕೊಂಡ್ರೆ ಸಾಲದು, ಬಗ್ ಬರೆದು ಕಳಿಸ್ಬೇಕು

2024ರ ಮಾರ್ಚ್ ಕೊನೇಲಿ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಪ್ರೋಗ್ರಾಮರ್ ತಮ್ಮ ಕಂಪ್ಯೂಟರ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸ್ಪೀಡ್ ಅಳೀತಾ ಕೂತಿದ್ರು. ಆ ಕಂಪ್ಯೂಟರ್‌ನಲ್ಲಿ ಇದ್ದಿದ್ದು ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ 'ಸಿಡ್' ಆವೃತ್ತಿ, ಅಂದ್ರೆ ಹೊಸ ಸಾಫ್ಟ್‌ವೇರ್ ಎಲ್ಲಕ್ಕಿಂತ ಮೊದಲು ಬಂದು ಬೀಳೋ ಜಾಗ. ಎಸ್‌ಎಸ್‌ಎಚ್ (ದೂರದಿಂದ ಇನ್ನೊಂದು ಕಂಪ್ಯೂಟರ್‌ಗೆ ಹೋಗೋ ದಾರಿ) ಲಾಗಿನ್ ಆಗೋಕೆ ಮುಂಚೆಗಿಂತ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ತಗೊಳ್ತಾ ಇದೆ ಅಂತ ಅವರಿಗೆ ಗೊತ್ತಾಯ್ತು, ಬೇರೆ ಯಾರಾದ್ರೂ ಆಗಿದ್ರೆ ಬೀಟಾ (ಬಿಡುಗಡೆಗೆ ಮುಂಚಿನ ಪರೀಕ್ಷೆಯ ಆವೃತ್ತಿ) ಅಲ್ವಾ ಬಿಡು ಅಂತ ಮುಂದೆ ಹೋಗ್ತಿದ್ರೇನೋ, ಇವರು ಅದರ ಬೆನ್ನು ಹತ್ತಿ ಹೋಗಿ ನೋಡಿದ್ರೆ ಎಕ್ಸ್‌ಝೆಡ್ ಅನ್ನೋ ಫೈಲ್ ಕಂಪ್ರೆಸ್ ಮಾಡೋ ಟೂಲ್‌ನ 5.6.0 ಮತ್ತು 5.6.1 ಆವೃತ್ತಿ ಒಳಗೆ ಯಾರೋ ಬೇಕಂತಲೇ ಕಳ್ಳಬಾಗಿಲು ಇಟ್ಟಿದ್ರು. ಮಾರ್ಚ್ 29ಕ್ಕೆ ಅವರು ಅದನ್ನ ಎಲ್ಲರಿಗೂ ತಿಳಿಸಿದ್ರು. ಆಗ ಅದು ಡೆಬಿಯನ್‌ನ ಟೆಸ್ಟಿಂಗ್ ಮತ್ತು ಅನ್‌ಸ್ಟೇಬಲ್ (ಅದೇ ಸಿಡ್), ಫೆಡೋರಾ ಅನ್ನೋ ಇನ್ನೊಂದು ಲಿನಕ್ಸ್‌ನ ರಾಹೈಡ್, ಇಂಥ ಪರೀಕ್ಷೆಯ ಆವೃತ್ತಿಗಳಿಗೆ ಬಂದಾಗಿತ್ತು, ಬಿಡುಗಡೆ ಆಗಿರೋ ಡೆಬಿಯನ್ ಸ್ಟೇಬಲ್‌ಗೆ ಇನ್ನೂ ಹೋಗಿರ್ಲಿಲ್ಲ. ಇದರಿಂದಾಗಿ ಉಬುಂಟು ಅನ್ನೋ ಲಿನಕ್ಸ್‌ನ 24.04 ಆವೃತ್ತಿಯ ಬೀಟಾವನ್ನೇ ಒಂದು ವಾರ ಮುಂದಕ್ಕೆ ಹಾಕಿದ್ರು.

ಈ ಕಥೆ ಮೊದಲೇ ಹೇಳಿದ್ದು ಯಾಕಂದ್ರೆ ಬಿಡುಗಡೆಗೆ ಮುಂಚಿನ ಸಿಸ್ಟಮ್ ಹಾಕ್ಕೊಳ್ಳೋರು ತುಂಬಾ ಜನ ಇದ್ದಾರೆ, ಕಂಡಿದ್ದನ್ನ ಬರೆದು ಕಳಿಸೋರು ಕಮ್ಮಿ. ಇನ್‌ಸ್ಟಾಲ್ ಮಾಡೋದು ಒಂದು ಗಂಟೆ ಕೆಲಸ. ವರದಿ ಮಾಡೋದೇ ನಿಜವಾದ ಟೆಸ್ಟಿಂಗ್, ಹಾಗಾಗಿ ಈ ಲೇಖನದಲ್ಲೂ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದೀನಿ.

ಮೊದಲು: ಎಷ್ಟು ಹಸಿ ಇರೋದು ಬೇಕು?

ಪ್ರೀ-ರಿಲೀಸ್ ಅಂದ ತಕ್ಷಣ ಎಲ್ಲಾ ಒಂದೇ ಅಲ್ಲ. ವಿಂಡೋಸ್‌ನಲ್ಲಿ ಹೊಸ ಆವೃತ್ತಿನ ಮುಂಚೆನೇ ಬಳಸಿ ನೋಡೋರಿಗೆ ಇನ್‌ಸೈಡರ್ ಪ್ರೋಗ್ರಾಮ್ ಅಂತ 2014ರಿಂದ ಇದೆ, ಅದರಲ್ಲಿ ಕ್ಯಾನರಿ, ಡೆವ್, ಬೀಟಾ, ರಿಲೀಸ್ ಪ್ರಿವ್ಯೂ ಅಂತ ಚಾನೆಲ್‌ಗಳನ್ನ ಮಾಡಿದ್ರು, ಕ್ಯಾನರಿ ಎಲ್ಲಕ್ಕಿಂತ ಹಸಿ, ರಿಲೀಸ್ ಪ್ರಿವ್ಯೂ ಹೆಚ್ಚುಕಮ್ಮಿ ಬೆಂದಿರೋದು. ಮ್ಯಾಕ್‌ನಲ್ಲಿ ಡೆವಲಪರ್ ಬೀಟಾ ಜೂನ್‌ನಲ್ಲಿ ಬರತ್ತೆ, ಸ್ವಲ್ಪ ದಿನ ಆದ್ಮೇಲೆ ಪಬ್ಲಿಕ್ ಬೀಟಾ. ಉಬುಂಟು ಏಪ್ರಿಲ್ ಮತ್ತು ಅಕ್ಟೋಬರ್‌ಗೆ ಬಿಡುಗಡೆ ಆಗತ್ತೆ, ಅದಕ್ಕಿಂತ ಕೆಲವು ವಾರ ಮುಂಚೆ ಬೀಟಾ, ಅದೂ ಸಾಲದು ಅನ್ನೋರಿಗೆ ದಿನಾ ತಯಾರಾಗೋ ಡೈಲಿ ಬಿಲ್ಡ್. ಫೆಡೋರಾದಲ್ಲಿ ರಾಹೈಡ್, ಡೆಬಿಯನ್‌ನಲ್ಲಿ ಆಗ್ಲೇ ಹೇಳಿದ ಸಿಡ್.

ನನ್ನ ಸಲಹೆ ಕೇಳಿದ್ರೆ ಮೊದಲ ಸಲ ಮಾಡೋರು ಬೀಟಾದಿಂದಾನೇ ಶುರು ಮಾಡಿ. ತುಂಬಾ ಹಸಿ ಬಿಲ್ಡ್‌ನಲ್ಲಿ ಹತ್ತು ಕಡೆ ಮುರಿದಿರತ್ತೆ, ಯಾವುದು ಹೊಸ ತೊಂದರೆ ಯಾವುದು ಅವರಿಗೆ ಗೊತ್ತಿರೋ ತೊಂದರೆ ಅನ್ನೋದೇ ತಿಳಿಯಲ್ಲ, ನಾಲ್ಕು ದಿನಕ್ಕೆ ಸಾಕಾಗಿಹೋಗತ್ತೆ. ಬೀಟಾ ಹೊತ್ತಿಗೆ ಹೊಸ ಫೀಚರ್ ಸೇರಿಸೋದು ಬಹುತೇಕ ನಿಂತಿರತ್ತೆ, ಸರಿಪಡಿಸೋದು ಮಾತ್ರ ನಡೀತಿರತ್ತೆ, ಆದ್ರಿಂದ ನೀವು ಹೇಳಿದ್ದು ಬಿಡುಗಡೆ ಒಳಗೇ ಸರಿಹೋಗೋ ಸಾಧ್ಯತೆ ಇರತ್ತೆ.

ಎಲ್ಲಿ ಹಾಕೋದು

ದಿನಾ ಕೆಲಸ ಮಾಡೋ ಕಂಪ್ಯೂಟರ್‌ಗೆ ಬೇಡ. ಇದೊಂದು ಮಾತು ದಯವಿಟ್ಟು ಕೇಳಿ. 2018ರ ಅಕ್ಟೋಬರ್‌ನಲ್ಲಿ ಬಿಡುಗಡೆನೇ ಆಗಿದ್ದ ವಿಂಡೋಸ್ 10ರ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿದ್ದ ಫೈಲ್‌ಗಳನ್ನ ಅಳಿಸಿಹಾಕಿತ್ತು, ಕೆಲವೇ ದಿನಕ್ಕೆ ಅದನ್ನ ನಿಲ್ಲಿಸಬೇಕಾಯ್ತು. ಫೈನಲ್‌ನಲ್ಲೇ ಹೀಗಾದ್ರೆ ಬೀಟಾದಲ್ಲಿ ಏನು ಬೇಕಾದ್ರೂ ಆಗಬಹುದು ಅಂತಾನೇ ಇಟ್ಕೊಳ್ಳಿ.

ಮೂರು ದಾರಿ ಇವೆ. ಪಕ್ಕಕ್ಕಿಟ್ಟಿರೋ ಹಳೇ ಲ್ಯಾಪ್‌ಟಾಪ್ ಇದ್ರೆ ಅದೇ ಬೆಸ್ಟ್, ಯಾಕಂದ್ರೆ ವೈಫೈ, ಬ್ಲೂಟೂತ್, ಬ್ಯಾಟರಿ, ಮುಚ್ಚಳ ಮುಚ್ಚಿದ್ರೆ ಮಲಗೋದು, ತೆಗೆದ್ರೆ ಏಳೋದು, ಇದೆಲ್ಲಾ ನಿಜವಾದ ಹಾರ್ಡ್‌ವೇರ್‌ನಲ್ಲಿ ಮಾತ್ರ ಟೆಸ್ಟ್ ಆಗತ್ತೆ, ಹೆಚ್ಚು ತೊಂದರೆ ಬರೋದೂ ಅಲ್ಲೇ. ಎರಡನೇದು ವರ್ಚುವಲ್ ಮಷೀನ್, ಅಂದ್ರೆ ನಿಮ್ಮ ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್: ವರ್ಚುವಲ್‌ಬಾಕ್ಸ್, ಹೈಪರ್-ವಿ, ಗ್ನೋಮ್ ಬಾಕ್ಸಸ್ ಯಾವುದಾದ್ರೂ ಸರಿ, ಕನಿಷ್ಠ 4 ಜಿಬಿ ರ‍್ಯಾಮ್ ಕೊಡಿ, ಇನ್‌ಸ್ಟಾಲ್ ಆದ ತಕ್ಷಣ ಒಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯ ಪ್ರತಿ) ತಗೊಂಡಿಡಿ, ಏನೇ ಕೆಟ್ಟರೂ ಒಂದು ಕ್ಲಿಕ್‌ಗೆ ವಾಪಸ್ ಹೋಗಬಹುದು. ವಿಂಡೋಸ್ 11 ಹಾಕೋದಾದ್ರೆ ಟಿಪಿಎಂ 2.0 (ಸೆಕ್ಯುರಿಟಿ ಚಿಪ್) ಮತ್ತು 64 ಜಿಬಿ ಡಿಸ್ಕ್ ಕೇಳತ್ತೆ, ವರ್ಚುವಲ್‌ಬಾಕ್ಸ್ 7.0ರಿಂದ ಈಚೆಗೆ ವರ್ಚುವಲ್ ಟಿಪಿಎಂ ಕೊಡಬಹುದು. ಮೂರನೇದು ಲೈವ್ ಯುಎಸ್‌ಬಿ, ಲಿನಕ್ಸ್‌ಗಳಲ್ಲಿ ಡಿಸ್ಕ್ ಮುಟ್ಟದೇನೇ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಬಹುದು, ಅರ್ಧ ಗಂಟೆ ಇದ್ದವರಿಗೂ ಆಗೋ ಕೆಲಸ ಇದು. ಮ್ಯಾಕ್‌ನವರಾದ್ರೆ ಅದೇ ಡಿಸ್ಕ್‌ನಲ್ಲಿ ಬೇರೆ ಎಪಿಎಫ್‌ಎಸ್ ವಾಲ್ಯೂಮ್ (ಡಿಸ್ಕ್‌ನ ಪ್ರತ್ಯೇಕ ಭಾಗ) ಮಾಡಿ ಅದಕ್ಕೆ ಬೀಟಾ ಹಾಕ್ಕೋಬಹುದು.

ಯಾವ ದಾರಿ ಹಿಡಿದ್ರೂ ಬ್ಯಾಕಪ್ ಮೊದಲು. ಬ್ಯಾಕಪ್ ಇರೋ ಹಾರ್ಡ್ ಡಿಸ್ಕನ್ನ ಇನ್‌ಸ್ಟಾಲ್ ಮಾಡೋವಾಗ ಕಿತ್ತು ದೂರ ಇಡಿ, ಇನ್‌ಸ್ಟಾಲರ್‌ನಲ್ಲಿ ತಪ್ಪು ಡಿಸ್ಕ್ ಆರಿಸೋದು ನೀವಂದುಕೊಂಡಿದ್ದಕ್ಕಿಂತ ಸುಲಭ. ವಿಂಡೋಸ್ ಇರೋ ಮಷೀನ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕೋ ವ್ಯವಸ್ಥೆ) ಆನ್ ಇದ್ರೆ ಅದರ 48 ಅಂಕಿಯ ರಿಕವರಿ ಕೀ ಬೇರೆ ಕಡೆ ಬರೆದಿಟ್ಕೊಳ್ಳಿ, ಬೂಟ್ ಸೆಟ್ಟಿಂಗ್ ಸ್ವಲ್ಪ ಬದಲಾದ್ರೂ ಅದು ಕೀ ಕೇಳಬಹುದು. ಇನ್ನೊಂದು, ನಿಮ್ಮ ಮುಖ್ಯ ಅಕೌಂಟ್‌ನಿಂದ ಲಾಗಿನ್ ಆಗ್ಬೇಡಿ, ಟೆಸ್ಟಿಂಗ್‌ಗೆ ಅಂತಾನೇ ಒಂದು ಅಕೌಂಟ್ ಮಾಡ್ಕೊಳ್ಳಿ. ಸಿಂಕ್ ಆಗೋ ನೋಟ್ಸು, ಫೋಟೋ, ಬುಕ್‌ಮಾರ್ಕು ಬೀಟಾದಲ್ಲಿ ಕೆಟ್ಟರೆ ಅದೇ ಕೆಟ್ಟಿದ್ದು ನಿಮ್ಮ ಒಳ್ಳೇ ಕಂಪ್ಯೂಟರ್‌ಗೂ ಬಂದು ಕೂರತ್ತೆ.

ಇಳಿಸಿಕೊಂಡಿದ್ದು ಸರಿಯಿದೆಯಾ ನೋಡಿ

ಐಎಸ್‌ಒ ಫೈಲನ್ನ (ಸಿಸ್ಟಮ್ ಇನ್‌ಸ್ಟಾಲ್ ಮಾಡೋಕೆ ಬೇಕಾಗಿದ್ದೆಲ್ಲಾ ಇರೋ ಫೈಲ್) ಅಧಿಕೃತ ಜಾಗದಿಂದ ಮಾತ್ರ ಡೌನ್‌ಲೋಡ್ ಮಾಡಿ, ಆಮೇಲೆ ಅದರ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಬೆರಳಚ್ಚು ಇದ್ದ ಹಾಗೆ) ಹೊಂದತ್ತಾ ನೋಡಿ. ಅಲ್ಲಿ ಕೊಟ್ಟಿರೋ 64 ಅಕ್ಷರದ ಸಾಲೂ ನಿಮ್ಮ ಫೈಲಿನ ಸಾಲೂ ಒಂದೇ ಇರ್ಬೇಕು. ಒಂದು ಅಕ್ಷರ ಬೇರೆ ಇದ್ರೂ ಮತ್ತೆ ಡೌನ್‌ಲೋಡ್ ಮಾಡಿ. ಬೀಟಾದಲ್ಲಿ ಇದು ಇನ್ನೂ ಮುಖ್ಯ, ಅರ್ಧಂಬರ್ಧ ಇಳಿದ ಫೈಲ್‌ನಿಂದ ಆದ ಎಡವಟ್ಟನ್ನ ಸಿಸ್ಟಮ್‌ನ ಬಗ್ ಅಂದ್ಕೊಂಡು ವರದಿ ಮಾಡಿದ್ರೆ ಯಾರೋ ಒಬ್ಬರ ಒಂದು ದಿನ ಹಾಳಾಗತ್ತೆ. ರೂಫಸ್ ಅಥವಾ ಎಚರ್ ಅನ್ನೋ ಟೂಲ್‌ನಿಂದ ಪೆನ್‌ಡ್ರೈವ್‌ಗೆ ಬರೀರಿ, ಡ್ರೈವ್‌ನಲ್ಲಿ ಮುಂಚೆ ಇದ್ದಿದ್ದೆಲ್ಲಾ ಹೋಗತ್ತೆ ಅನ್ನೋದು ನೆನಪಿರಲಿ.

ಇನ್ನು ರಿಲೀಸ್ ನೋಟ್ಸ್ ಓದಿ. 'ಗೊತ್ತಿರುವ ತೊಂದರೆಗಳು' ಅನ್ನೋ ಭಾಗ ಅದರಲ್ಲಿ ಇದ್ದೇ ಇರತ್ತೆ, ಅದನ್ನ ಓದೋಕೆ ಐದು ನಿಮಿಷ ಸಾಕು.

ಈಗ ಬಳಸಿ, ಆದ್ರೆ ಗಮನ ಇಟ್ಟು

ಇನ್‌ಸ್ಟಾಲ್ ಮಾಡೋದೂ ಟೆಸ್ಟೇ. ಭಾಷೆ, ಕೀಬೋರ್ಡ್, ಟೈಮ್ ಝೋನ್, ಡಿಸ್ಕ್ ಹಂಚಿಕೆ, ಎಲ್ಲಿ ತಡೀತು ಎಲ್ಲಿ ಅರ್ಥ ಆಗ್ಲಿಲ್ಲ ಅಂತ ಪೇಪರ್ ಮೇಲೆ ಬರೀತಾ ಹೋಗಿ, ಯಾಕಂದ್ರೆ ಇನ್‌ಸ್ಟಾಲರ್ ಮುಗಿದ ಮೇಲೆ ಆ ಸ್ಕ್ರೀನ್‌ಗಳು ಮತ್ತೆ ಸಿಗಲ್ಲ. ಆಮೇಲೆ ನೀವು ದಿನಾ ಮಾಡೋದನ್ನೇ ಮಾಡಿ. ಪ್ರಿಂಟ್ ತೆಗೀರಿ, ಎರಡನೇ ಮಾನಿಟರ್ ಹಾಕಿ, ವಿಡಿಯೋ ಕಾಲ್ ಮಾಡಿ ಮಧ್ಯದಲ್ಲಿ ಹೆಡ್‌ಫೋನ್ ಬದಲಿಸಿ, ಡಿಸ್ಕ್ ತುಂಬಿಸಿ ನೋಡಿ, ಫೈಲ್ ಕಾಪಿ ಆಗ್ತಿರೋವಾಗ ವೈಫೈ ಕಡೀರಿ. ನಿಮ್ಮ ಬಳಕೆ ಎಷ್ಟು ವಿಚಿತ್ರ ಇದ್ಯೋ ನಿಮ್ಮ ಟೆಸ್ಟಿಂಗ್ ಅಷ್ಟು ಉಪಯೋಗ, ಮಾಮೂಲಿ ಬಳಕೆನ ಕಂಪನಿಯವರೇ ನೋಡಿರ್ತಾರೆ.

ಕನ್ನಡ ಬರೆಯೋರು ಕನ್ನಡದಲ್ಲಿ ಟೈಪ್ ಮಾಡಿ ನೋಡ್ಲೇಬೇಕು. ಒತ್ತಕ್ಷರ, ಅರ್ಕಾವತ್ತು, 'ರ‍್ಯಾಂಕ್' ಥರದ ಪದ, ಫೈಲ್ ಹೆಸರು ಕನ್ನಡದಲ್ಲಿ, ಆ ಹೆಸರಿಂದ ಹುಡುಕಿದ್ರೆ ಸಿಗತ್ತಾ, ಬ್ಯಾಕ್‌ಸ್ಪೇಸ್ ಒತ್ತಿದ್ರೆ ಎಷ್ಟು ಅಳಿಯತ್ತೆ, ಎಲ್ಲಾ ನೋಡಿ. ಇದು ಸಣ್ಣ ವಿಷಯ ಅಲ್ಲ: 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಅನ್ನೋ ಒಂದೇ ಅಕ್ಷರ ಐಫೋನ್ ಮತ್ತು ಮ್ಯಾಕ್‌ನಲ್ಲಿ ಆಪ್‌ಗಳನ್ನ ಕ್ರ್ಯಾಶ್ ಮಾಡ್ತಿತ್ತು, ಅದಕ್ಕೆ ಅಂತಾನೇ ತುರ್ತಾಗಿ ಅಪ್‌ಡೇಟ್ ಬಿಡಬೇಕಾಯ್ತು. ಇಂಥದ್ದು ಆ ಲಿಪಿಯಲ್ಲಿ ಬರೆಯೋರ ಕೈಗೇ ಮೊದಲು ಸಿಗೋದು.

ಬಗ್ ಸಿಕ್ತು, ಈಗ ಬರೆಯೋದು ಹೇಗೆ

ಮೊದಲು ಇನ್ನೊಂದು ಸಲ ಮಾಡಿ ನೋಡಿ. ಆಗತ್ತಾ? ರೀಸ್ಟಾರ್ಟ್ ಮಾಡಿ ನೋಡಿದ್ರೂ ಆಗತ್ತಾ? 10 ಸಲದಲ್ಲಿ ಎಷ್ಟು ಸಲ? ಹೊಸ ಯೂಸರ್ ಮಾಡಿ ಅಲ್ಲೂ ಆಗತ್ತಾ? ಹಳೇ ಆವೃತ್ತಿಯಲ್ಲಿ ಸರಿ ಇತ್ತಾ? ಈ ಕೊನೇ ಪ್ರಶ್ನೆಗೆ ಉತ್ತರ ಕೊಟ್ರೆ ಡೆವಲಪರ್‌ಗೆ ತುಂಬಾ ಸಹಾಯ, ಯಾವ ಬದಲಾವಣೆಯಿಂದ ಮುರೀತು ಅಂತ ಹುಡುಕೋ ಜಾಗ ಚಿಕ್ಕದಾಗತ್ತೆ.

ನಾನು ಮೊದಮೊದಲು ಕಳಿಸಿದ ಒಂದು ವರದಿ ಹೀಗಿತ್ತು: 'ಸ್ಲೀಪ್‌ನಿಂದ ಎದ್ದ ಮೇಲೆ ಸ್ಕ್ರೀನ್ ಕಪ್ಪಾಗಿರತ್ತೆ.' ಎರಡು ದಿನ ಬಿಟ್ಟು ಒಬ್ಬ ಡೆವಲಪರ್ ಕೇಳಿದ್ರು, ಹೊರಗಿನ ಮಾನಿಟರ್ ಹಾಕಿದ್ರಾ, ಅದನ್ನ ಕಿತ್ತಿದ್ದು ಮುಚ್ಚಳ ಮುಚ್ಚೋಕೆ ಮುಂಚೆನಾ ಆಮೇಲಾ ಅಂತ. ಆ ಪ್ರಶ್ನೆ ಓದಿದ ಮೇಲೇ ನನಗೆ ಹೊಳೆದಿದ್ದು. ಕೂತು ಒಂದೊಂದೇ ಬದಲಿಸಿ ನೋಡಿ ಮತ್ತೆ ಬರೆದೆ: ಒಂದು, ಎಚ್‌ಡಿಎಂಐ ಮಾನಿಟರ್ ಹಾಕಿ. ಎರಡು, ಮುಚ್ಚಳ ಮುಚ್ಚಿ, ಸ್ಲೀಪ್ ಆಗಲಿ. ಮೂರು, ಸ್ಲೀಪ್‌ನಲ್ಲಿ ಇರೋವಾಗಲೇ ಕೇಬಲ್ ಕೀಳಿ. ನಾಲ್ಕು, ಮುಚ್ಚಳ ತೆಗೀರಿ. ಆಗಬೇಕಾಗಿದ್ದು: ಲ್ಯಾಪ್‌ಟಾಪ್‌ನ ಸ್ಕ್ರೀನ್ ಬರ್ಬೇಕು. ಆಗಿದ್ದು: ಕಪ್ಪು, ಆದ್ರೆ ಮೌಸ್ ಬಾಣ ಕಾಣತ್ತೆ. 10ಕ್ಕೆ 10 ಸಲ. ಕೇಬಲ್ ಮೊದಲೇ ಕಿತ್ತರೆ ತೊಂದರೆ ಇಲ್ಲ. ಮುಂದಿನ ವಾರದ ಬಿಲ್ಡ್‌ನಲ್ಲಿ ಅದು ಸರಿಹೋಗಿತ್ತು.

ಆ ನಾಲ್ಕು ಹಂತ, ಆಗಬೇಕಾಗಿದ್ದು, ಆಗಿದ್ದು, ಎಷ್ಟು ಸಲ, ಇಷ್ಟು ಇದ್ರೆ ವರದಿಯ ಮುಕ್ಕಾಲು ಭಾಗ ಮುಗೀತು. ಜೊತೆಗೆ ಬಿಲ್ಡ್ ನಂಬರ್ ಪೂರ್ತಿ ಬರೀರಿ, 'ಲೇಟೆಸ್ಟ್ ಬೀಟಾ' ಅಂತ ಬರೆದ್ರೆ ಒಂದು ವಾರ ಆದ್ಮೇಲೆ ಅದಕ್ಕೆ ಅರ್ಥ ಇರಲ್ಲ. ಮ್ಯಾಕ್‌ನ 'ಅಬೌಟ್' ಕಿಟಕಿಯಲ್ಲಿ ವರ್ಶನ್ ಮೇಲೆ ಕ್ಲಿಕ್ ಮಾಡಿದ್ರೆ ಬಿಲ್ಡ್ ನಂಬರ್ ಕಾಣತ್ತೆ, ಕೊನೇಲಿ ಇಂಗ್ಲಿಷ್ ಚಿಕ್ಕಕ್ಷರ ಇದ್ರೆ ಅದು ಸಾಮಾನ್ಯವಾಗಿ ಬೀಟಾ. ಲ್ಯಾಪ್‌ಟಾಪ್ ಮಾಡೆಲ್, ಗ್ರಾಫಿಕ್ಸ್ ಕಾರ್ಡ್ ಸೇರಿಸಿ. ಒಂದು ವರದಿಗೆ ಒಂದೇ ಬಗ್, ಮೂರು ತೊಂದರೆ ಒಂದರಲ್ಲಿ ತುರುಕಿದ್ರೆ ಒಂದು ಸರಿಹೋಗಿ ವರದಿ ಕ್ಲೋಸ್ ಆಗತ್ತೆ, ಉಳಿದೆರಡು ಹಾಗೇ ಕಳೆದುಹೋಗತ್ತೆ.

ಕಳಿಸೋ ಜಾಗ: ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಎಫ್ ಒತ್ತಿದ್ರೆ ಫೀಡ್‌ಬ್ಯಾಕ್ ಹಬ್, ಮ್ಯಾಕ್‌ನಲ್ಲಿ ಫೀಡ್‌ಬ್ಯಾಕ್ ಅಸಿಸ್ಟೆಂಟ್, ಉಬುಂಟುನಲ್ಲಿ ಲಾಂಚ್‌ಪ್ಯಾಡ್, ಫೆಡೋರಾದಲ್ಲಿ ಬಗ್‌ಝಿಲ್ಲಾ. ಕಳಿಸೋಕೆ ಮುಂಚೆ ಅದೇ ಬಗ್ ಬೇರೆಯವರು ಹಾಕಿದಾರಾ ಹುಡುಕಿ, ಇದ್ರೆ ಅದಕ್ಕೇ ನಿಮ್ಮ ವಿವರ ಸೇರಿಸಿ. ಲಾಗ್ ಫೈಲ್‌ನಲ್ಲಿ ನಿಮ್ಮ ಹೆಸರು, ವೈಫೈ ಹೆಸರು ಇರಬಹುದು, ಎಲ್ಲರಿಗೂ ಕಾಣೋ ಜಾಗಕ್ಕೆ ಹಾಕೋದಾದ್ರೆ ನೋಡಿ ಅಳಿಸಿ. ಸೆಕ್ಯುರಿಟಿ ತೊಂದರೆ ಅನ್ನಿಸಿದ್ರೆ ಮಾತ್ರ ಬಹಿರಂಗವಾಗಿ ಹಾಕ್ಬೇಡಿ, ಸೆಕ್ಯುರಿಟಿ ತಂಡಕ್ಕೆ ಖಾಸಗಿಯಾಗಿ ತಿಳಿಸಿ.

ಡೇಟಾ ಹೋಗೋಂಥ ಬಗ್ ಆದ್ರೆ ಟೈಟಲ್‌ನಲ್ಲೇ ಬರೀರಿ. ಆ 2018ರ ಫೈಲ್ ಅಳಿಸೋ ಬಗ್ ಕೆಲವು ಇನ್‌ಸೈಡರ್‌ಗಳು ಬಿಡುಗಡೆಗೆ ಮುಂಚೆನೇ ಹೇಳಿದ್ರು, ಆದ್ರೆ ಅದಕ್ಕೆ ಬೇರೆ ಬಳಕೆದಾರರು ಹಾಕಿದ ವೋಟು ಕಮ್ಮಿ ಇದ್ದಿದ್ರಿಂದ ರಾಶಿಯಲ್ಲಿ ಕೆಳಗೆ ಉಳೀತು. ಆಮೇಲೆ ಮೈಕ್ರೋಸಾಫ್ಟ್ ಫೀಡ್‌ಬ್ಯಾಕ್ ಹಬ್‌ನಲ್ಲಿ ತೊಂದರೆ ಎಷ್ಟು ಗಂಭೀರ ಅಂತ ಹೇಳೋಕೆ ಒಂದು ಆಯ್ಕೆ ಸೇರಿಸ್ತು. ಅದನ್ನ ಪ್ರಾಮಾಣಿಕವಾಗಿ ತುಂಬಿ, ಐಕಾನ್ ಒಂದು ಪಿಕ್ಸೆಲ್ ಆಚೆ ಹೋಗಿದ್ದಕ್ಕೆಲ್ಲಾ ಅತೀ ಗಂಭೀರ ಅಂತ ಹಾಕ್ತಾ ಹೋದ್ರೆ ನಿಜವಾಗ್ಲೂ ಗಂಭೀರ ಇರೋದು ಮತ್ತೆ ಕೆಳಗೆ ಹೋಗತ್ತೆ.

ಕಳಿಸಿದ ಮೇಲೆ

ಪ್ರಶ್ನೆ ಬಂದ್ರೆ ಬೇಗ ಉತ್ತರ ಕೊಡಿ. ಹೊಸ ಬಿಲ್ಡ್ ಬಂದಾಗೆಲ್ಲಾ ನಿಮ್ಮ ಹಳೇ ಬಗ್‌ಗಳನ್ನ ಮತ್ತೆ ಟೆಸ್ಟ್ ಮಾಡಿ, ಸರಿಹೋಗಿದ್ರೆ 'ಈ ಬಿಲ್ಡ್‌ನಲ್ಲಿ ಸರಿಹೋಗಿದೆ' ಅಂತ ನಂಬರ್ ಸಮೇತ ಒಂದು ಸಾಲು ಬರೀರಿ.

ಬಿಟ್ಟು ಹೋಗೋ ದಾರಿ ಸೇರೋ ಮುಂಚೆನೇ ತಿಳ್ಕೊಂಡಿರಿ. ಉಬುಂಟು ಬೀಟಾ ಹಾಕಿದ್ರೆ ಮಾಮೂಲಿ ಅಪ್‌ಡೇಟ್ ಮಾಡ್ತಾ ಹೋದ್ರೆ ಸಾಕು, ಬಿಡುಗಡೆ ದಿನ ಅದೇ ಫೈನಲ್ ಆಗಿರತ್ತೆ. ವಿಂಡೋಸ್‌ನ ಹಸಿ ಚಾನೆಲ್‌ಗಳಿಂದ ಹಿಂದಕ್ಕೆ ಬರೋಕೆ ಸಾಮಾನ್ಯವಾಗಿ ಎಲ್ಲಾ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡ್ಬೇಕು. ಮ್ಯಾಕ್‌ನಲ್ಲಿ ಬೇರೆ ವಾಲ್ಯೂಮ್‌ಗೆ ಹಾಕಿದ್ರೆ ಆ ವಾಲ್ಯೂಮ್ ಅಳಿಸಿದ್ರಾಯ್ತು. ಅಳಿಸೋ ಮುಂಚೆ ಕಳಿಸದೇ ಉಳಿದಿರೋ ಟಿಪ್ಪಣಿ, ಸ್ಕ್ರೀನ್‌ಶಾಟ್ ಅದರೊಳಗೆ ಇದೆಯಾ ಒಂದ್ಸಲ ನೋಡ್ಕೊಳ್ಳಿ.